ಗೊರವಂಕಕ್ಕೆ ಊಟ ಹಾಕಿದವರು

ಆಲೆಮನೆ ಪಕ್ಕದ ಹೊಂಗೆಮರದಲ್ಲಿ ಗುಬ್ಬಿಮರಿಗಳು ಮೈ ಊದಿಕೊಂಡು, ಹಾರಲಾರದೆ, ಸದಾ ತೂಕಡಿಸುತ್ತಿದ್ದವು.

“ಕಾರಣ ಹುಡುಕಿಕೊಡು,” ಎಂದು ತಾಯಿಗುಬ್ಬಿಗಳು ಗೊರವಂಕವನ್ನು ಬೇಡಿದವು.

“ಹುಡುಕುತ್ತೇನೆ. ಆದರೆ ದಿನವಿಡೀ ನೋಡುತ್ತ ಕೂತರೆ ನನ್ನ ಹೊಟ್ಟೆಗೇನು?”

ಮರಿಗಳಿಗೆ ಬೆಲ್ಲ ಕೊಟ್ಟು ಗೂಡಿನ ಕಾಳು ಪಡೆಯುತ್ತಿದ್ದ ಹೆಗ್ಗಣ ಮುಂದೆ ಬಂತು. “ನಿನ್ನ ಊಟ ನನಗಿರಲಿ. ರೆಕ್ಕೆಗಳನ್ನಷ್ಟೇ ಪರೀಕ್ಷಿಸು, ಬೆಲ್ಲದ ಸುದ್ದಿ ಬೇಡ.”

“ಬೇಡಣ್ಣ. ನಿನ್ನ ಕಾಳು ತಿಂದ ಬಾಯಿ ನಿನ್ನ ಮಾತನ್ನೇ ಆಡುತ್ತದೆ,” ಎಂದಿತು ಗೊರವಂಕ.

ತಾಯಿಗುಬ್ಬಿಗಳೇ ತಮ್ಮ ಪಾಲಿನಿಂದ ಒಂದೊಂದು ಕಾಳು ತಂದಿಟ್ಟವು. ಗೊರವಂಕ ತಿಂಗಳಿಡೀ ಪ್ರತಿ ಗೂಡನ್ನೂ ನೋಡಿ ಹೇಳಿತು: “ರೆಕ್ಕೆಗಳು ಚೆನ್ನಾಗಿವೆ. ಬೆಲ್ಲ ಮರ ಹತ್ತದಿರಲಿ.” ಹಕ್ಕಿಗಳೆಲ್ಲ ಸೇರಿ ಅದನ್ನೇ ಕಟ್ಟಳೆ ಮಾಡಿದವು.

ಮಂಜು ಕವಿದ ಒಂದು ಬೆಳಗ್ಗೆ ತಾಯಿಗುಬ್ಬಿಯೊಂದು ಕಣ್ಣುಬಿಟ್ಟಾಗ ಗೂಡು ಬರಿದಾಗಿತ್ತು. ಅದು ಬೆಚ್ಚಿ ಕೂಗಿತು. ಮಂಜಿನೊಳಗಿಂದ, ಬಹಳ ಎತ್ತರದಿಂದ, ಮರಿಗಳು ಓಗೊಟ್ಟವು.