ಮಾವನ ಮೀಸೆಯೂ ಜೋಳದ ಗಿಡವೂ

ತಿಪ್ಪೇಶಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದಕ್ಕೇ ಅವನವ್ವ ಗಂಗಮಾಳವ್ವ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಗಂಗಮಾಳವ್ವನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಒಂದು ಕುಂಡ, ಕುಂಡದಲ್ಲಿ ಒಂದು ಗಿಡ. ಎಲೆ ಥೇಟ್ ಮೆಕ್ಕೆಜೋಳದ್ದು, ತೆನೆ ಮಾತ್ರ ಬಿಡುವುದಿಲ್ಲ. ಎಲ್ಲರೂ ಜೋಳದ ಗಿಡ ಅಂತಲೇ ಕರೆಯುತ್ತಿದ್ದರು. ಹಿಂದೆ ಅವಳ ಗಂಡ ತೀರಿಕೊಂಡಾಗ ಅಣ್ಣ ಓಬಳಪ್ಪ, "ಒಂದು ಗಿಡ ಸಾಕೋಕೂ ನಿನ್ನ ಕೈಲಾಗಲ್ಲ, ಮಗನ್ನ ಹೆಂಗೆ ಸಾಕ್ತೀಯ? ನಮ್ಮನೇಲಿ ಬಿದ್ದಿರು" ಅಂದಿದ್ದ.

"ಎರಡನ್ನೂ ಸಾಕ್ತೀನಿ, ನೋಡ್ತಿರು!" ಅಂತ ಎದ್ದು ಬಂದವಳು ಮೊದಲು ಕೊಂಡದ್ದೇ ಈ ಗಿಡ.

ಈಗ ಅದಕ್ಕೆ ವಯಸ್ಸಾಗಿತ್ತು. ಬುಡ ಬೋಳು, ಎಲೆ ಹಳದಿ, ತುದಿ ಕಂದು. ಅಣ್ಣ ಬರುತ್ತೇನೆಂದು ಹೇಳಿಕಳಿಸಿದ್ದು ಈಗಲೇ!

"ತಿಪ್ಪೇಶೀ, ಮಾವ ಬರೋ ಹೊತ್ತಿಗೆ ಗಿಡ ಸಾಯಕೂಡದು. ನೀರು ಹಾಕೋ!"

ಹಾಕಿದ. ಬಿಂದಿಗೆ ಮೇಲೆ ಬಿಂದಿಗೆ ಹಾಕಿದ. ಕುಂಡ ತುಂಬಿತು, ಅಂಗಡಿ ತುಂಬಿತು, ಗಿರಾಕಿಗಳ ರವಿಕೆ ಬಟ್ಟೆ ತೇಲಿತು.

"ಅಯ್ಯಯ್ಯೋ! ಬೇರು ಕೊಳೆಯುತ್ತಲ್ಲೋ! ಮೊದಲು ಮುಟ್ಟಿ ನೋಡು. ಒದ್ದೆ ಇದ್ದರೆ ಒಂದು ಹನಿಯೂ ಕೊಡಬೇಡ!"

"ಹೂಂ ಕಣವ್ವ."

ಅಷ್ಟರಲ್ಲಿ ಉರಿಬಿಸಿಲಲ್ಲಿ ಓಬಳಪ್ಪ ಬಂದೇ ಬಿಟ್ಟ.

"ಅಳಿಯಾ, ಗಂಟಲು ಒಣಗಿದೆ. ನೀರು ಕೊಡಪ್ಪ."

ತಿಪ್ಪೇಶಿ ಮಾವನ ಬೆನ್ನು ಮುಟ್ಟಿ ನೋಡಿದ. ಅಂಗಿಯೆಲ್ಲ ಬೆವರು.

"ಒದ್ದೆ ಇದೀಯ ಮಾವ. ಒಂದು ಹನಿಯೂ ಕೊಡಲ್ಲ. ಕೊಟ್ಟರೆ ಕೊಳೆತುಹೋಗ್ತೀಯ!"

ಗಂಗಮಾಳವ್ವ ಓಡಿಬಂದಳು.

"ಥೂ ಮಂಕೇ! ಬಾಡಿ ನಿಂತವರಿಗೆ ಬಿಸಿ ಬಿಸಿ ಕಾಫಿ ಕೊಡಬೇಕು ಕಣೋ!"

"ಹೂಂ ಕಣವ್ವ."

ಒಳಗೆ ಹೋದ, ಕಾಫಿ ಕಾಯಿಸಿದ, ಲೋಟ ಹಿಡಿದು ಬಂದ. ಮಾವ ನೆರಳಲ್ಲಿ ಕೂತು ಸುಧಾರಿಸಿಕೊಂಡಿದ್ದ. ಬಾಡಿ ನಿಂತದ್ದು ಯಾವುದು? ಗಿಡ! ಕುದಿಯುವ ಕಾಫಿಯನ್ನು ಬುಡಕ್ಕೆ ಸುರಿದೇಬಿಟ್ಟ.

"ಅಯ್ಯೋ ಬೇಯಿಸಿಬಿಟ್ಟೆಯಲ್ಲೋ!"

ಓಬಳಪ್ಪ ನಶ್ಯ ಏರಿಸಿ, ಮೀಸೆ ಒರೆಸಿಕೊಂಡು ಬೆಂಚಿನ ಮೇಲೆ ಕಾಲು ಚಾಚಿದ. "ಹೇಳಿರಲಿಲ್ವಾ ಗಂಗೂ? ಗಿಡವೂ ಹೋಯ್ತು, ಮಗನೂ ಹಿಂಗಾದ. ನಾಳೆ ನಮ್ಮನೆಗೆ ನಡಿ."

"ಇನ್ನೂ ಸತ್ತಿಲ್ಲ ಕಣಣ್ಣ!" ಅಂದಳು ಗಂಗಮಾಳವ್ವ. ಕತ್ತರಿ ತೆಗೆದು ಮಗನ ಕೈಗಿಟ್ಟಳು. "ನೋಡು ಮಗ, ವಯಸ್ಸಾದ್ದಕ್ಕೆ ಇದೊಂದೇ ದಾರಿ. ಕಂದಾದದ್ದನ್ನು ಬಿಡದೆ ಕತ್ತರಿಸು. ತಲೆ ಕಡೆಯದನ್ನು ಕೊಯ್ದು ನೀರಲ್ಲಿ ನಿಲ್ಲಿಸು, ಬೇರು ಬಿಡುತ್ತೆ. ಕೊಯ್ದ ಜಾಗಕ್ಕೆ ಸಗಣಿ ಮೆತ್ತು, ಹೊಸದು ಚಿಗುರುತ್ತೆ. ನಾನು ಮಾವನ ಕಾಫಿಗೆ ಹಾಲು ತರ್ತೀನಿ."

"ಹೂಂ ಕಣವ್ವ."

ಹಾಲು ತಂದು ನೋಡಿದರೆ, ಏನು ಹೇಳಲಿ! ಕಂದು ಎಲೆ ಒಂದೂ ಇಲ್ಲ. ಗಿಡದ ತಲೆ ಚೊಂಬಿನ ನೀರಲ್ಲಿ ನೆಟ್ಟಗೆ ನಿಂತಿದೆ. ಮೋಟು ಕಾಂಡಕ್ಕೆ ಸಗಣಿಯ ಟೋಪಿ. ಹುಟ್ಟಿದ ಮೇಲೆ ಮೊದಲ ಸಲ ಮಗ ಸರಿಯಾಗಿ ಮಾಡಿದ್ದ! ಗಂಗಮಾಳವ್ವನ ಎದೆ ಉಬ್ಬಿತು.

"ಅಣ್ಣಾ, ಏಳು! ನೋಡು ಬಾ! ನಾನು ಸಾಕಿದ ಮಗ ನಾನು ಸಾಕಿದ ಗಿಡ ಉಳಿಸಿದಾನೆ!"

ಬೆಂಚಿನ ಮೇಲಿನ ಗೊರಕೆ ನಿಂತಿತು. ಓಬಳಪ್ಪ ಎದ್ದು ಈ ಕಡೆ ತಿರುಗಿದ.

ಗಂಗಮಾಳವ್ವನ ಕೈಯಿಂದ ಹಾಲು ಬಿತ್ತು.

ಮೀಸೆ ಇಲ್ಲ! ಮೀಸೆ ಇದ್ದಲ್ಲಿ ದಪ್ಪಗೆ ಸಗಣಿ! ಚೊಂಬಿನ ಪಕ್ಕ ಒಂದು ಲೋಟ, ಲೋಟದ ನೀರಲ್ಲಿ ಓಬಳಪ್ಪನ ಮೀಸೆ!

"ನಶ್ಯ ಹತ್ತಿ ಕಂದಾಗಿತ್ತು ಕಣವ್ವ" ಅಂದ ತಿಪ್ಪೇಶಿ. "ಮಾವನಿಗೂ ವಯಸ್ಸಾಗಿದೆಯಲ್ಲ. ಬಿಡದೆ ಕತ್ತರಿಸಿದೆ."

ಓಬಳಪ್ಪ ಮೂತಿ ಮುಟ್ಟಿಕೊಂಡ, ಮೂಸಿ ನೋಡಿದ, ಬೆಂಚಿನಿಂದ ಹಾರಿ ಬಿದ್ದ.

"ಅಯ್ಯಯ್ಯಪ್ಪೋ! ನೀರು! ಮುಖ ತೊಳೀಬೇಕು, ನೀರು ಕೊಡ್ರೋ!"

ತಿಪ್ಪೇಶಿ ಹತ್ತಿರ ಬಂದ. ಮಾವನ ಮೂಗಿನ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದ.

"ಇನ್ನೂ ಒದ್ದೆ ಇದೆ ಮಾವ. ಒಂದು ಹನಿಯೂ ಕೊಡಲ್ಲ!"