ಸಿಂಪಿಗ ಹಕ್ಕಿ ಎಲೆ ಹೊಲಿಯಲು ಕಲಿತದ್ದು

ಕ್ಯಾಮೆರಾ ಕೆಳಗಿಡು ಇಂಪನಾ, ಅಜ್ಜಿಯ ಪಕ್ಕ ಮೆಟ್ಟಿಲ ಮೇಲೆ ಕೂತುಕೋ. ಅಂಜೂರದ ಗಿಡದ ಸಿಂಪಿಗ ಹಕ್ಕಿ ಕೊನೆಗೂ ಅಲುಗಾಡದೆ ಕೂತಿತು, ಫೋಟೋ ಚೆನ್ನಾಗಿ ಬಂತು ಎನ್ನುತ್ತೀಯಲ್ಲ, ಅದಕ್ಕೇ ಈ ಕತೆ. ಬಟ್ಟೆ ಒಣಹಾಕುವ ತಂತಿಯಿಂದ ಒಂದು ಕ್ಲಿಪ್ಪು ಕಾಣೆಯಾಗಿದೆ. ಅದನ್ನು ಆಮೇಲೆ ಕೇಳುತ್ತೇನೆ.

ಆಗ ಭೂಮಿ ಹೊಸದು. ಮಣ್ಣು ಇನ್ನೂ ಹಸಿ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು. ಸಿಂಪಿಗ ಹಕ್ಕಿಗೆ ಆ ಹೆಸರೂ ಇರಲಿಲ್ಲ, ಹೊಲಿಗೆಯೂ ಗೊತ್ತಿರಲಿಲ್ಲ. ಎಲ್ಲರ ಹಾಗೆ ಕಡ್ಡಿ ಜೋಡಿಸಿ, ದೊಡ್ಡ ಎಲೆಯ ಮರೆಯಲ್ಲಿ ಗೂಡು ಕಟ್ಟಿ, ಮೂರು ಮರಿ ಮಾಡಿತ್ತು.

ಗಿಡದ ಕೆಳಗೆ ಒಂದು ಕೊಳ. ಅದಕ್ಕೆ ಚಿತ್ರದ ಹುಚ್ಚು. ನೀರಿಗೆ ಬಂದವರನ್ನೆಲ್ಲ ಮೈಮೇಲೆ ಬರೆದುಕೊಳ್ಳುತ್ತಿತ್ತು. ಜಿಂಕೆ ಆಯಿತು, ಕೊಕ್ಕರೆ ಆಯಿತು, ಚಂದ್ರನೂ ಆಯಿತು. ಎಲೆಯ ಹಿಂದಿನ ಮರಿಗಳು ಮಾತ್ರ ಸಿಗಲಿಲ್ಲ. ಸಿಕ್ಕಿದ್ದು ಸಾಲದು, ಸಿಗದ್ದೇ ಬೇಕು ಎನ್ನುವ ಜಾತಿ ಅದು, ನಿನ್ನ ಹಾಗೆ.

ಎಲೆಯನ್ನು ಒಂದಿಷ್ಟು ಸರಿಸು, ಬೆಳಕು ಬೀಳಲಿ ಎಂದು ಕೊಳ ಗಾಳಿಯನ್ನು ಬೇಡಿತು. ಗಾಳಿ ತಾಯಿಹಕ್ಕಿಯನ್ನು ಕೇಳಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಅದಕ್ಕೂ ಮಕ್ಕಳ ಮುಖವನ್ನು ನೀರಿನಲ್ಲಿ ನೋಡುವ ಆಸೆ. ಒಂದೇ ಗಳಿಗೆ ಎಂದು ಒಪ್ಪಿ ಹುಳ ತರಲು ಹೋಯಿತು.

ಗಾಳಿ ಎಲೆ ಸರಿಸಿತು. ಮೂರು ಪುಟ್ಟ ಬಾಯಿಗಳು ನೀರಿನಲ್ಲಿ ಮೂಡಿದವು. ಇನ್ನೊಂದು ಸ್ವಲ್ಪ ಎಂದಿತು ಕೊಳ. ಗಾಳಿ ಹಿಡಿದೇ ಇತ್ತು. ಇನ್ನೊಂದು ಸ್ವಲ್ಪ ಎಂದಿತು ಕೊಳ. ಗಾಳಿ ಹಿಡಿದೇ ಇತ್ತು.

ಆಗ ನೀರು ಕುಡಿಯಲು ಕೆಂಬೂತ ಬಂತು, ಕೆಂಪು ಕಣ್ಣಿನ, ಮರಿ ತಿನ್ನುವ ಕೆಂಬೂತ. ನೀರಿನೊಳಗಿನ ಬಾಯಿಗಳನ್ನು ನೋಡಿತು. ಆಮೇಲೆ ತಲೆ ಎತ್ತಿ ಮೇಲೆ ನೋಡಿತು.

ತಾಯಿ ಬಂದಾಗ ಗೂಡು ಖಾಲಿ. ದಡಕ್ಕೆ ಇಳಿದು ಕೊಳವನ್ನು ಕೇಳಿತು, "ಮಕ್ಕಳು ನಿನ್ನ ಹತ್ತಿರ ಇದ್ದಾವಲ್ಲ, ಕೊಡು."

"ನನ್ನ ಹತ್ತಿರ ಇದ್ದದ್ದು ಚಿತ್ರ ಕಣಮ್ಮಾ," ಎಂದಿತು ಕೊಳ. "ಅವು ಹೋದ ಮೇಲೆ ಅದೂ ಹೋಯಿತು."

ಗಾಳಿಗೆ ನಾಚಿಕೆಯಾಯಿತು. ಅಂದಿನಿಂದ ಅದು ಕೊಳದ ಮೇಲೆ ಹಾದಾಗೆಲ್ಲ ನೀರು ಕಲಕಿ ಚಿತ್ರ ಅಳಿಸುತ್ತದೆ. ತಾಯಿಹಕ್ಕಿ ಅಳುತ್ತಾ ಕೂರಲಿಲ್ಲ. ಜೇಡನ ಹತ್ತಿರ ನೂಲು ಬೇಡಿತು, ಹತ್ತಿಯ ಹತ್ತಿರ ಎಳೆ ಬೇಡಿತು. ಕೊಕ್ಕಿನಿಂದ ಚುಚ್ಚಿ ಚುಚ್ಚಿ ಎಲೆಯ ಅಂಚಿಗೆ ಅಂಚು ಹೊಲಿಯಿತು, ಯಾವ ಗಾಳಿಯೂ ತೆರೆಯದ ಹಾಗೆ.

ಗಾಳಿಗೆ ಹೊಲಿಗೆ ಬಿಚ್ಚಲು ಬರುವುದಿಲ್ಲ. ಬೆರಳಿಗೆ ಬರುತ್ತದೆ. ಈಗ ಹೇಳು, ಕ್ಲಿಪ್ಪು ಎಲ್ಲಿ?

"ನಿನ್ನೆ ಮರಿಗಳ ಫೋಟೋಗೆ ಬೆಳಕು ಸಾಲಲಿಲ್ಲ ಅಜ್ಜಿ. ಹೊಲಿಗೆ ಬಿಚ್ಚಿ, ಎಲೆ ಹಿಂದಕ್ಕೆ ಮಡಚಿ ಕ್ಲಿಪ್ಪು ಹಾಕಿದೆ. ಆಮೇಲೆ ಮರೆತೇಬಿಟ್ಟೆ."

ನಿನ್ನನ್ನು ಬಯ್ಯುವ ಬಾಯಿ ನನಗಿಲ್ಲ. ಬೆಳಿಗ್ಗೆ ಕಾಂಪೌಂಡಿನ ಮೇಲೆ ಕೆಂಬೂತ ನಡೆದು ಬಂದದ್ದನ್ನು ನಾನೇ ನೋಡಿದೆ. ಕೆಂಬೂತ ಕಂಡರೆ ಶುಭಶಕುನ ಎಂದು ಕೈಮುಗಿದು ಒಳಗೆ ಹೋದೆ.

ಸಿಂಪಿಗ ಹಕ್ಕಿ ಇವತ್ತಿಗೂ ಎಲೆ ಹೊಲಿದೇ ಗೂಡು ಕಟ್ಟುವುದು ಅದಕ್ಕೇ. ಒಂದು ಕಡೆ ನಿಲ್ಲದ ಆ ಹಕ್ಕಿ ಈಗ ಬಾಯಲ್ಲಿ ಹುಳ ಹಿಡಿದು ಅಲುಗಾಡದೆ ಕೂತಿರುವುದು ನಿನ್ನ ಫೋಟೋಗಲ್ಲ, ಆ ಹುಳವನ್ನು ಯಾರಿಗೆ ಕೊಡುವುದೆಂದು ತಿಳಿಯದೆ.