ಎಷ್ಟು ವರ್ಷಕ್ಕೆ ಹೊಲೀಲಿ?

ಹೊಸ ಅಂಗಿ ತೋಳು ಬೆರಳು ಮುಚ್ಚುತ್ತೆ ಅಂತ ಯಾರಾದ್ರೂ ಅಳ್ತಾ ಮಲಗ್ತಾರೇನೇ ಪಮ್ಮೀ? ಕೇಳಿಲ್ಲಿ. ಒಂದಾನೊಂದು ಕಾಲದಲ್ಲಿ, ಅಂಗಿಗೆ ಗುಂಡಿ ಹಾಕೋದನ್ನ ಜನ ಇನ್ನೂ ಕಲೀತಿದ್ದ ಕಾಲದಲ್ಲಿ, ಒಬ್ಬ ರಾಜ ಇದ್ದನಂತೆ. ಅವನ ಊರಲ್ಲಿ ವಿಠ್ಠಪ್ಪ ಅಂತ ಒಬ್ಬ ದರ್ಜಿ. ಯಾರೇ ಬಟ್ಟೆ ತಂದ್ರೂ, ಎಷ್ಟು ವರ್ಷಕ್ಕೆ ಹೊಲೀಲಿ ಅಂತ ಕೇಳಿಯೇ ಅಳತೆ ತಗೊಳ್ತಿದ್ದನಂತೆ.

ರಾಜ ತನ್ನ ಏಳು ವರ್ಷದ ಮಗನಿಗೆ ದಸರಾಕ್ಕೆ ಜರಿ ಅಂಗಿ ಹೊಲಿ ಅಂದ. ಎಷ್ಟು ವರ್ಷಕ್ಕೆ ಅಂತ ವಿಠ್ಠಪ್ಪ ಕೇಳಿದ್ರೆ, ಅರಮನೆ ಅಂಗಿ ಕಣಯ್ಯ, ತುಂಬ ವರ್ಷ ಬರಲಿ ಅಂದುಬಿಟ್ಟನಂತೆ. ವಿಠ್ಠಪ್ಪ ರಾಜಕುಮಾರನ್ನ ಬಿಟ್ಟು, ಹತ್ತು ವರ್ಷದ ಮಂತ್ರಿ ಮಗನ ಅಳತೆ ತಗೊಂಡ. ಆಮೇಲೆ ಸಭೆಗೆ ಅಂಗಿ ಬಂತು. ಒಳಗೆ ರಾಜಕುಮಾರ ಎಲ್ಲಿ ಅಂತ ಎಲ್ಲರೂ ಹುಡುಕಿದ್ರಂತೆ. ರಾಜ ಸಿಟ್ಟಾಗಿ, ಇನ್ನು ಅರಮನೆ ಮೆಟ್ಟಿಲು ಹತ್ತಬೇಡ ಅಂದನಂತೆ.

ಎರಡನೇ ದಸರಾಕ್ಕೆ ಬೇರೆ ದರ್ಜಿ ಬಂದು ಮೈಗೆ ಅಂಟಿಸಿದ ಹಾಗೆ ಹೊಲಿದ. ಎಲ್ಲರೂ ಭೇಷ್ ಅಂದ್ರು. ಮೂರನೇ ದಸರಾಕ್ಕೆ ಅದನ್ನೇ ಹಾಕ್ಕೊಂಡು ಪಕ್ಕದ ರಾಜನ ಮನೆಗೆ ಊಟಕ್ಕೆ ಹೋದ್ರಂತೆ. ಹುಡುಗ ನಾಲ್ಕನೇ ಹೋಳಿಗೆಗೆ ಕೈ ಚಾಚಿದ, ಬೆನ್ನು ಪರ್ರ್ ಅಂತ ಹರೀತು. ಪಕ್ಕದ ರಾಜ, ನಿಮ್ಮಲ್ಲಿ ಬಟ್ಟೆಗೆ ಬರವೇನಪ್ಪ ಅಂತ ನಕ್ಕನಂತೆ.

ನಮ್ಮ ರಾಜ ಎಲೆ ಬಿಟ್ಟೆದ್ದ. ಮನೆಗೆ ಬಂದವನೇ ಯುದ್ಧ ಅಂದ. ಸಾವಿರ ಸೈನಿಕರಿಗೆ ಬಟ್ಟೆ ಆಗಬೇಕು, ಅಷ್ಟು ಬೇಗ ಹೊಲಿಯೋನು ವಿಠ್ಠಪ್ಪ ಒಬ್ಬನೇ. ಅವನನ್ನೇ ಕರೆಸಿದ್ರು. ಅವನ ಮೂರು ಗಂಡುಮಕ್ಕಳೂ ಆ ಸೈನ್ಯದಲ್ಲೇ ಇದ್ದರಂತೆ. ಅಳತೆ ದಾರ ಹಿಡಿದು ಕೇಳಿದನಂತೆ:

"ಎಷ್ಟು ವರ್ಷಕ್ಕೆ ಹೊಲೀಲಿ ದೊರೆ? ಹತ್ತು ವರ್ಷಕ್ಕೆ ಅಂದ್ರೆ ಹಾಕ್ಕೊಳ್ಳೋಕೆ ಎಷ್ಟು ಜನ ಉಳಿದಿರ್ತಾರೆ? ಒಂದು ತಿಂಗಳಿಗೆ ಅಂದ್ರೆ ಕಚ್ಚಾ ಹೊಲಿಗೆ ಸಾಕು."

ಅಷ್ಟರಲ್ಲಿ ರಾಜಕುಮಾರ ಬಂದ. ಹರಿದದ್ದು ಬಿಟ್ಟು, ಪೆಟ್ಟಿಗೆಯಲ್ಲಿದ್ದ ವಿಠ್ಠಪ್ಪನ ಹಳೇ ಅಂಗಿ ಹಾಕ್ಕೊಂಡಿದ್ದ. ತೋಳು ಒಂದೇ ಮಡಿಕೆಗೆ ಸರಿಯಾಗಿ ಮಣಿಕಟ್ಟಿಗೆ ನಿಂತಿತ್ತಂತೆ. ರಾಜ ಆ ತೋಳನ್ನೇ ನೋಡಿದ. ನಾನು ಕೂಗಾಡಿದ್ದು ಇದೇ ಅಂಗಿಗಲ್ವಾ ಅನ್ನಿಸ್ತು. ಆಮೇಲೆ, ಈ ಸಿಟ್ಟು ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಲೆಕ್ಕ ಹಾಕಿದನಂತೆ. ಮುಂದಿನ ದೀಪಾವಳಿವರೆಗೂ ಬರೋ ಹಾಗೆ ಕಾಣಲಿಲ್ಲವಂತೆ.

ಯುದ್ಧ ನಿಂತಿತು. ಪಕ್ಕದ ರಾಜನಿಗೂ ಒಂದು ಅಂಗಿ ಹೋಯ್ತಂತೆ, ಹೊಟ್ಟೆ ಬೆಳೆಯೋದಕ್ಕೆ ಜಾಗ ಬಿಟ್ಟು. ವಿಠ್ಠಪ್ಪನ ಮಕ್ಕಳು ಮೂವರೂ ಮನೆಗೆ ಬಂದು, ಅಪ್ಪನ ಪಕ್ಕ ಕೂತು ಗುಂಡಿ ಹಾಕೋದು ಕಲಿತರಂತೆ.

ಕತೆ ಮುಗೀತು. ನಿನ್ನ ತೋಳು ಇನ್ನೂ ಮುಗಿದಿಲ್ಲ, ಮಡಿಚ್ಕೊಂಡು ಮಲಗು.